ಬೃಹತ್ ಸೀಸೆಗಳ ಹಳೆಯ ವೈನ್ ಬಸಿಯುವಿಕೆ

ದೀರ್ಘಕಾಲ ಸೀಸೆಯಲ್ಲಿ ಮಾಗಿದ ಕೆಂಪು ವೈನನ್ನು ತಳದ ಗಷ್ಟಿನಿಂದ ಬೇರ್ಪಡಿಸಿ ಗಾಜಿನ ಹೂಜಿಗೆ ಸುರಿಯುವುದನ್ನು ಬಸಿಯುವಿಕೆ ಅಥವಾ ಡಿಕ್ಯಾಂಟಿಂಗ್ ಎನ್ನುತ್ತಾರೆ. ಬೃಹತ್ ಸೀಸೆಗಳಲ್ಲಿ ಈ ಕಾರ್ಯ ವಿಶೇಷ ಎಚ್ಚರಿಕೆಯನ್ನು ಬೇಡುತ್ತದೆ.

ಗಾತ್ರ

ಸಾಮಾನ್ಯ ಸೀಸೆಯ ಅಳತೆ 750 ಮಿಲಿಲೀಟರ್; ಮ್ಯಾಗ್ನಮ್‌ನದು 1.5 ಲೀಟರ್. ಫ್ರಾನ್ಸಿನ ಬೋರ್ಡೋ ಪ್ರದೇಶದ ಇಂಪೀರಿಯಲ್ 6 ಲೀಟರ್, ಅಂದರೆ 8 ಸಾಮಾನ್ಯ ಸೀಸೆಗಳಷ್ಟು ಹಿಡಿಯುತ್ತದೆ. ದೊಡ್ಡ ಸೀಸೆಯಲ್ಲಿ ವೈನಿನ ಪ್ರಮಾಣಕ್ಕೆ ಹೋಲಿಸಿದರೆ ಗಾಳಿಯ ಅಂಶ ಕಡಿಮೆಯಿರುವುದರಿಂದ ವೈನ್ ನಿಧಾನವಾಗಿ ಮಾಗುತ್ತದೆ.

ಗಷ್ಟು

ಟ್ಯಾನಿನ್ ಹಾಗೂ ವರ್ಣದ್ರವ್ಯಗಳು ಕಾಲಕ್ರಮೇಣ ಒಂದುಗೂಡಿ ತಳ ಸೇರುತ್ತವೆ. ಇದು ಅಪಾಯಕಾರಿಯಲ್ಲ, ಆದರೆ ಕದಡಿದರೆ ವೈನ್ ಮಬ್ಬಾಗಿ ಕಹಿಯಾಗುತ್ತದೆ.

ತೆರೆಯುವ ಕ್ರಮ

ಮಲಗಿಸಿಟ್ಟ ಸೀಸೆಯನ್ನು ಕೆಲವು ದಿನ ಮೊದಲೇ ನೇರವಾಗಿ ನಿಲ್ಲಿಸಿ ಗಷ್ಟು ತಳಕ್ಕಿಳಿಯಲು ಬಿಡಬೇಕು. ಹಳೆಯ ಬಿರಡೆ ಮೆತ್ತಗಾಗಿ ಪುಡಿಯಾಗುವ ಸಂಭವವಿರುವುದರಿಂದ ಎರಡು ತೆಳು ಅಲಗುಗಳ ಸಾಧನದಿಂದ ಅದನ್ನು ಮೆಲ್ಲನೆ ತಿರುಗಿಸುತ್ತ ತೆಗೆಯುತ್ತಾರೆ. ಹಳೆಯ ಪೋರ್ಟ್ ವೈನಿನ ಸೀಸೆಗಳಲ್ಲಿ ಕೆಂಪಗೆ ಕಾಯಿಸಿದ ಇಕ್ಕಳದಿಂದ ಕತ್ತನ್ನು ಹಿಡಿದು, ಬಳಿಕ ತಣ್ಣನೆಯ ಒದ್ದೆ ಬಟ್ಟೆ ತಾಗಿಸಿ ಗಾಜನ್ನೇ ಬೇರ್ಪಡಿಸುವ ಪದ್ಧತಿಯೂ ಇದೆ.

ಬಸಿಯುವ ಕ್ರಮ

ಕತ್ತಿನ ಕೆಳಗೆ ಮೇಣದಬತ್ತಿ ಅಥವಾ ದೀಪವಿಟ್ಟು ವೈನ್ ಹರಿಯುವುದನ್ನು ಗಮನಿಸುತ್ತಾರೆ. ಸಣ್ಣ ಸೀಸೆಯನ್ನು ಒಂದೇ ಸಲಕ್ಕೆ ಬಸಿಯಬಹುದು. ದೊಡ್ಡದಕ್ಕೆ ಹಲವು ಹೂಜಿಗಳು ಬೇಕು. ಹೂಜಿ ಬದಲಿಸುವಾಗ ಸೀಸೆಯನ್ನು ನೆಟ್ಟಗೆ ಮಾಡಿದರೆ ಗಷ್ಟು ಕದಡಿ, ಉಳಿದ ವೈನೆಲ್ಲ ಕೆಡುತ್ತದೆ. ಆದ್ದರಿಂದ ಒಬ್ಬರು ಸೀಸೆಯನ್ನು ವಾಲಿಸಿಯೇ ಹಿಡಿದಿರುವಾಗ ಇನ್ನೊಬ್ಬರು ಹೂಜಿ ಬದಲಿಸುವುದು ಅನುಕೂಲ. ಭಾರವಾದ ಸೀಸೆಗಳಿಗೆ ತೊಟ್ಟಿಲಿನಂತಹ ಚೌಕಟ್ಟನ್ನೂ ಬಳಸುವುದುಂಟು. ಕತ್ತಿನ ಬಳಿ ಗಷ್ಟಿನ ಕಪ್ಪು ಎಳೆ ಕಂಡೊಡನೆ ಸುರಿಯುವುದನ್ನು ನಿಲ್ಲಿಸಬೇಕು.

ಬಹಳ ಹಳೆಯ ವೈನಿನ ಪರಿಮಳ ಗಾಳಿ ಸೋಕಿದ ಮೇಲೆ ಬೇಗನೆ ಕುಂದಬಹುದು. ಆದುದರಿಂದ ಅದನ್ನು ಬಡಿಸುವ ಹೊತ್ತಿಗೆ ಸಮೀಪವಾಗಿಯೇ ಬಸಿಯುತ್ತಾರೆ.