ಅಭಿಮಾನದಿಂದ ಪರೋಪಕಾರ

ಕನ್ನಡದಲ್ಲಿ ‘ಅಭಿಮಾನ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ತನ್ನದೆಂಬ ಹೆಮ್ಮೆ. ಇನ್ನೊಂದು, ಪರರ ಗುಣವನ್ನು ಕಂಡು ಉಂಟಾಗುವ ಪ್ರೀತಿ. ಮೊದಲನೆಯದು ಮಿತಿಮೀರಿದರೆ ಅಹಂಕಾರವಾಗುತ್ತದೆ. ಎರಡನೆಯದು ದಾರಿತಪ್ಪಿದರೆ ಅಂಧಶ್ರದ್ಧೆಯಾಗುತ್ತದೆ. ಆದರೆ ಎರಡನೆಯದು ಸರಿಯಾದ ದಾರಿಯಲ್ಲಿ ಹರಿದಾಗ ಏನಾಗುತ್ತದೆ? ಅದು ಪರೋಪಕಾರವಾಗಬಲ್ಲುದು. ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಅನೇಕರು ಒಬ್ಬೊಬ್ಬ ಚಲಚ್ಚಿತ್ರ ನಟನ ಅಭಿಮಾನಿಗಳು. ನಿಮ್ಮ ನೋಟುಪುಸ್ತಕಗಳ ಹೊದಿಕೆಯೇ ಅದನ್ನು ಸಾರುತ್ತದೆ. ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗು, ಉರ್ದುಗಳನ್ನೂ ಆಡುವವರಾದುದರಿಂದ, ಒಂದೇ ಬೆಂಚಿನಲ್ಲಿ ಕನ್ನಡ ನಟರ ಪಕ್ಷದವರೂ ತೆಲುಗು ನಟರ ಪಕ್ಷದವರೂ ಕುಳಿತಿರುತ್ತಾರೆ. ಯಾರು ಹೆಚ್ಚೆಂಬ ವಾದ ಕೆಲವೊಮ್ಮೆ ಮಾತುಬಿಡುವವರೆಗೂ ಹೋಗುವುದುಂಟು. ಹಿರಿಯರು ಇದನ್ನು ಕಂಡು, ‘ಈ ಸಿನಿಮಾ ಹುಚ್ಚಿನಿಂದ ಹುಡುಗರು ಕೆಟ್ಟರು’ ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅದು ಪೂರ್ಣ ಸತ್ಯವಲ್ಲ.

ಅಭಿಮಾನಕ್ಕೆ ಎರಡು ಮುಖಗಳುಂಟೆಂಬುದಕ್ಕೆ 2006ನೆಯ ಇಸವಿಯ ಏಪ್ರಿಲ್ ತಿಂಗಳೇ ಸಾಕ್ಷಿ. ಆ ತಿಂಗಳ 12ರಂದು ವರನಟ ಡಾ. ರಾಜಕುಮಾರರು ಬೆಂಗಳೂರಿನಲ್ಲಿ ನಿಧನರಾದರು. ತಮ್ಮನ್ನು ಮೆಚ್ಚಿದ ಜನರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದ ವಿನಯಶೀಲರು ಅವರು. ಅಂಥವರು ಕಣ್ಮರೆಯಾದಾಗ ದುಃಖ ಕಟ್ಟೆಯೊಡೆದುದು ಸಹಜವೇ. ಆದರೆ ಆ ದುಃಖ ಕ್ರೋಧವಾಗಿ ಬೀದಿಗಿಳಿಯಿತು. ವಾಹನಗಳು ಸುಟ್ಟುಹೋದುವು, ಕಲ್ಲುಗಳು ತೂರಿದುವು, ಹಲವರು ಪ್ರಾಣ ಕಳೆದುಕೊಂಡರು. ಕರ್ತವ್ಯದ ಮೇಲಿದ್ದ ಪೊಲೀಸ್ ಪೇದೆಯೊಬ್ಬನೂ ಅವರಲ್ಲಿ ಸೇರಿದ್ದನು. ಅದೇ ನಗರದಲ್ಲಿ, ಅದೇ ಹೊತ್ತಿನಲ್ಲಿ, ಮೃತರಾದ ರಾಜಕುಮಾರರ ಎರಡು ಕಣ್ಣುಗಳು ಇಬ್ಬರು ದೃಷ್ಟಿಹೀನರಿಗೆ ಬೆಳಕಾಗಲು ಸಿದ್ಧವಾಗುತ್ತಿದ್ದುವು. ಒಬ್ಬನೇ ವ್ಯಕ್ತಿಯ ಹೆಸರಿನಲ್ಲಿ ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಬೆಳಕು! ಇವೆರಡರಲ್ಲಿ ಯಾವುದು ಅವರಿಗೆ ಸಲ್ಲಿದ ನಿಜವಾದ ಗೌರವವೆಂಬುದನ್ನು ಹೇಳಬೇಕಾಗಿಲ್ಲ.

ರಾಜಕುಮಾರರ ನೇತ್ರದಾನ ಆಕಸ್ಮಿಕವಾಗಿ ನಡೆದುದಲ್ಲ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನಲ್ಲಿಯೇ ನೇತ್ರಬ್ಯಾಂಕ್ ಸ್ಥಾಪನೆಯಾಯಿತು. ಅದನ್ನು ಉದ್ಘಾಟಿಸಿದ ಅವರು, ತಾವೂ ತಮ್ಮ ಕುಟುಂಬದವರೂ ಮರಣಾನಂತರ ಕಣ್ಣುಗಳನ್ನು ಕೊಡುವುದಾಗಿ ವಾಗ್ದಾನ ಮಾಡಿದರು. ಹನ್ನೆರಡು ವರ್ಷಗಳ ಮೇಲೆ ಆ ಮಾತು ನಡೆಯಿತು. 2017ರಲ್ಲಿ ಅವರ ಪತ್ನಿ ಪಾರ್ವತಮ್ಮನವರು ತೀರಿಕೊಂಡಾಗಲೂ ನಡೆಯಿತು. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ ರಾಜಕುಮಾರರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದಾಗ, ಆ ದಾರುಣ ಗಳಿಗೆಯಲ್ಲಿಯೂ ಕುಟುಂಬದವರು ಕೊಟ್ಟ ಮಾತನ್ನು ಮರೆಯಲಿಲ್ಲ.

ಇಲ್ಲಿ ನೇತ್ರದಾನವೆಂದರೇನೆಂಬುದನ್ನು ಸ್ವಲ್ಪ ತಿಳಿಯುವುದು ಉಚಿತ. ಇಡೀ ಕಣ್ಣನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಜೋಡಿಸುತ್ತಾರೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕವಿದಿರುವ, ಸುಮಾರು ಅರ್ಧ ಮಿಲಿಮೀಟರು ದಪ್ಪದ ಪಾರದರ್ಶಕ ಪಟಲವೊಂದುಂಟು. ಅದರ ಹೆಸರು ಕಾರ್ನಿಯಾ. ಗಾಯದಿಂದಲೋ ಸೋಂಕಿನಿಂದಲೋ ಅದು ಬೆಳ್ಳಗಾದರೆ ಬೆಳಕು ಒಳಹೋಗದು; ಕಣ್ಣಿನ ಉಳಿದ ಭಾಗಗಳು ಚೆನ್ನಾಗಿದ್ದರೂ ಮನುಷ್ಯನು ಕುರುಡನಾಗುತ್ತಾನೆ. ಮುದುಕರಿಗೆ ಬರುವ ಕಣ್ಣಿನ ಪೊರೆ ಬೇರೆ, ಇದು ಬೇರೆ. ಪೊರೆಗೆ ಕೃತಕ ಮಸೂರವನ್ನು ಇಡಬಹುದು. ಕೆಟ್ಟ ಕಾರ್ನಿಯಾಕ್ಕೆ ಮಾತ್ರ ಸಾಮಾನ್ಯವಾಗಿ ಇನ್ನೊಬ್ಬ ಮನುಷ್ಯನ ಕಾರ್ನಿಯಾವೇ ಬೇಕು. ಅದರಲ್ಲಿ ರಕ್ತನಾಳಗಳಿಲ್ಲದಿರುವುದರಿಂದ ಬೇರೆಯವರ ದೇಹ ಅದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. 1905ರಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು ಯೂರೋಪಿನ ಮೊರಾವಿಯಾ ಪ್ರಾಂತದಲ್ಲಿ ಈ ಚಿಕಿತ್ಸೆಯನ್ನು ಮೊತ್ತಮೊದಲು ಯಶಸ್ವಿಯಾಗಿ ನಡೆಸಿದನು. ವಿದ್ಯೆ ಈಗ ಬಹಳ ಮುಂದುವರಿದಿದೆ. ಕಾರ್ನಿಯಾದ ಮುಂದಿನ ಪದರವನ್ನು ಒಬ್ಬರಿಗೂ ಹಿಂದಿನ ಪದರವನ್ನು ಇನ್ನೊಬ್ಬರಿಗೂ ಜೋಡಿಸುವುದು ಸಾಧ್ಯವಾಗಿದೆ. ಹೀಗಾಗಿ ಪುನೀತರ ಎರಡು ಕಣ್ಣುಗಳಿಂದ ನಾಲ್ವರು ದೃಷ್ಟಿ ಪಡೆದರು.

ಆ ಸುದ್ದಿ ಹರಡಿದೊಡನೆ ನಡೆದ ಸಂಗತಿ ನಮ್ಮ ವಿಷಯಕ್ಕೆ ಮುಖ್ಯವಾದುದು. ಅಂತಿಮದರ್ಶನಕ್ಕೆ ಲಕ್ಷಗಟ್ಟಲೆ ಜನರು ಕಂಠೀರವ ಕ್ರೀಡಾಂಗಣಕ್ಕೆ ಬಂದರು. 2006ರಂತಹ ಗಲಭೆ ಈ ಸಲ ಆಗಲಿಲ್ಲ. ಅದಕ್ಕೆ ಬದಲಾಗಿ ಊರೂರುಗಳಲ್ಲಿ ಅಭಿಮಾನಿಗಳು ನೇತ್ರದಾನದ ಪ್ರತಿಜ್ಞಾಪತ್ರಗಳಿಗೆ ಸಹಿ ಹಾಕಲು ಸಾಲುಗಟ್ಟಿದರು. ಸಾವಿರಾರು ಜನರು ಹೆಸರು ಬರೆಯಿಸಿದರು. ಹದಿನೈದು ವರ್ಷಗಳಲ್ಲಿ ಅಭಿಮಾನಿಯು ತನ್ನ ದುಃಖಕ್ಕೆ ಹೊಸದೊಂದು ದಾರಿಯನ್ನು ಕಂಡುಕೊಂಡಿದ್ದನು.

ಆದರೆ ಪ್ರತಿಜ್ಞೆ ಬೇರೆ, ದಾನ ಬೇರೆ. ಸತ್ತವನು ಎದ್ದುಬಂದು ತನ್ನ ಮಾತನ್ನು ನಡೆಸಲಾರನು, ಮನೆಯವರೇ ನಡೆಸಬೇಕು. ಮರಣವಾದ ಸುಮಾರು 6 ಗಂಟೆಗಳೊಳಗೆ ಕಾರ್ನಿಯಾವನ್ನು ತೆಗೆಯಬೇಕು. ಆದುದರಿಂದ ಮನೆಯವರು ಕೂಡಲೇ ಸಮೀಪದ ನೇತ್ರಬ್ಯಾಂಕಿಗೆ ದೂರವಾಣಿ ಮಾಡಬೇಕು. ಮೃತರ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯನ್ನಿಟ್ಟು, ಫ್ಯಾನನ್ನು ನಿಲ್ಲಿಸಿ, ತಲೆಯ ಕೆಳಗೆ ದಿಂಬಿಡಬೇಕು. ವೈದ್ಯರ ತಂಡ ಮನೆಗೇ ಬರುತ್ತದೆ. 15–20 ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಮುಖ ವಿಕಾರವಾಗುವುದಿಲ್ಲ, ಹಣ ಕೊಡಬೇಕಾಗಿಲ್ಲ, ಕೇಳುವಂತೆಯೂ ಇಲ್ಲ. ವೃದ್ಧರೂ, ಕನ್ನಡಕ ಹಾಕುವವರೂ, ಮಧುಮೇಹವುಳ್ಳವರೂ ಕೊಡಬಹುದು. ಸಹಿ ಹಾಕಿದ ಕಾಗದವನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ಮನೆಯವರಿಗೆ ತಿಳಿಸದಿದ್ದರೆ ಮಾತ್ರ ಆ ಪ್ರತಿಜ್ಞೆ ವ್ಯರ್ಥವಾದೀತು.

ಇನ್ನು ನಮ್ಮ ಹೈದರಾಬಾದಿಗೆ ಬರೋಣ. ಬಂಜಾರಾ ಹಿಲ್ಸ್‌ನಲ್ಲಿರುವ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯನ್ನು ನೀವೆಲ್ಲ ಬಲ್ಲಿರಿ. ಆ ಪ್ರಸಾದರು ವೈದ್ಯರಲ್ಲ, ಚಲಚ್ಚಿತ್ರದವರು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದಲ್ಲಿಯೂ, 1931ರ ‘ಕಾಳಿದಾಸ’ದಲ್ಲಿಯೂ, 1932ರ ‘ಭಕ್ತ ಪ್ರಹ್ಲಾದ’ದಲ್ಲಿಯೂ ಪಾತ್ರ ವಹಿಸಿ, ಮುಂದೆ ನಿರ್ದೇಶಕ-ನಿರ್ಮಾಪಕರಾಗಿ ಹೆಸರು ಪಡೆದವರು. ಡಾ. ಗುಲ್ಲಪಲ್ಲಿ ನಾಗೇಶ್ವರರಾಯರು ನೇತ್ರಸಂಸ್ಥೆಯನ್ನು ಕಟ್ಟಹೊರಟಾಗ ಪ್ರಸಾದರ ಕುಟುಂಬವು ಭೂಮಿಯನ್ನೂ ಧನವನ್ನೂ ಕೊಟ್ಟಿತು. ಜನರು ಚಿತ್ರಮಂದಿರದ ಟಿಕೆಟ್ಟಿಗೆ ತೆತ್ತ ಹಣದ ಒಂದು ಪಾಲು ಹೀಗೆ ಜನರ ಕಣ್ಣಿಗೇ ಹಿಂದಿರುಗಿತು.

ಕಲಾವಿದನೊಬ್ಬನ ದಾನಕ್ಕಿಂತಲೂ ವಿಶೇಷವಾದುದು ಅಭಿಮಾನಿಗಳ ದಾನ. ತೆಲುಗಿನ ನಟ ಚಿರಂಜೀವಿಯವರು 1998ರ ಅಕ್ಟೋಬರ್ 2ರಂದು, ಗಾಂಧಿಜಯಂತಿಯ ದಿನ, ಈ ನಗರದಲ್ಲಿ ಒಂದು ದತ್ತಿಸಂಸ್ಥೆಯನ್ನು ಸ್ಥಾಪಿಸಿ ರಕ್ತನಿಧಿಯನ್ನೂ ನೇತ್ರನಿಧಿಯನ್ನೂ ಆರಂಭಿಸಿದರು. ಅದಕ್ಕೆ ರಕ್ತವನ್ನು ಕೊಡತೊಡಗಿದವರು ಅವರ ಅಭಿಮಾನಿಗಳೇ. ಚಿತ್ರ ಬಿಡುಗಡೆಯಾದಾಗ ಹಾರ ಹಾಕಿ, ಪಟಾಕಿ ಸಿಡಿಸಿ, ಜಯಕಾರ ಮಾಡುತ್ತಿದ್ದ ತರುಣರು ತೋಳು ಚಾಚಿ ಮಲಗಿದರು. 2021ರಲ್ಲಿ ಸಾಂಕ್ರಾಮಿಕ ರೋಗದ ಎರಡನೆಯ ಅಲೆಯಲ್ಲಿ ಪ್ರಾಣವಾಯು ದೊರೆಯದೆ ಜನರು ಕಂಗೆಟ್ಟಾಗ, ಅದೇ ಅಭಿಮಾನಿ ಸಂಘಗಳ ಮೂಲಕ ಜಿಲ್ಲೆಗಳಲ್ಲಿ ಆಕ್ಸಿಜನ್ ಬ್ಯಾಂಕುಗಳು ನಡೆದುವು.

ಈ ವಿಷಯ ನನ್ನಂತಹ ಪರಸ್ಥಳದವನಿಗೆ ಪುಸ್ತಕದ ಮಾತಲ್ಲ. ರಕ್ತ ಬೇಕಾದಾಗ ಆಸ್ಪತ್ರೆಗಳಲ್ಲಿ ‘ನಿಮ್ಮ ಬಂಧುಗಳಲ್ಲಿ ಯಾರನ್ನಾದರೂ ಕರೆತನ್ನಿ’ ಎನ್ನುವುದು ರೂಢಿ. ಊರು ಬಿಟ್ಟು ಬಂದವನಿಗೆ ಬಂಧುಗಳೆಲ್ಲಿ? ನನ್ನ ಮಡದಿಯ ಹೆರಿಗೆಯ ಕಾಲದಲ್ಲಿ ಎರಡು ಬಾಟಲಿ ರಕ್ತ ಬೇಕಾಯಿತು. ನನ್ನ ಗುಂಪಿನ ರಕ್ತ ಅವಳಿಗೆ ಒಗ್ಗುತ್ತಿರಲಿಲ್ಲ. ನಮ್ಮವರೆಲ್ಲ ಕಲಬುರಗಿಯ ಕಡೆಯ ಹಳ್ಳಿಯಲ್ಲಿದ್ದರು. ನೆರೆಮನೆಯವರು ಯಾರಿಗೋ ಹೇಳಿಕಳುಹಿಸಲು, ಅಪರಿಚಿತರಾದ ಇಬ್ಬರು ತೆಲುಗು ತರುಣರು ಮೋಟಾರು ಸೈಕಲ್ಲಿನಲ್ಲಿ ಬಂದು ರಕ್ತ ಕೊಟ್ಟು, ಕಾಫಿಯನ್ನೂ ಕುಡಿಯದೆ ಹೊರಟರು. ಅವರ ಸೈಕಲ್ಲಿನ ಮೇಲೆ ಚಿರಂಜೀವಿಯವರ ಚಿತ್ರ ಅಂಟಿಸಿತ್ತು. ರಕ್ತಕ್ಕೆ ಗುಂಪುಂಟೇ ಹೊರತು ಭಾಷೆಯಿಲ್ಲವೆಂಬುದನ್ನು ನಾನು ಅಂದು ಅರಿತೆನು.

ರಕ್ತದಾನಕ್ಕೂ ಕ್ರಮವುಂಟು. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋಗ್ರಾಂ ತೂಕವುಳ್ಳ ಆರೋಗ್ಯವಂತರು ಒಂದು ಸಲಕ್ಕೆ 350 ಮಿಲಿಲೀಟರು ಕೊಡಬಹುದು. ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ಕೊಟ್ಟರೆ ದೇಹಕ್ಕೆ ತೊಂದರೆಯಿಲ್ಲ. ಹಾಗೆ ಪಡೆದ ರಕ್ತವನ್ನು ಬೇರ್ಪಡಿಸಿ ಇಡುತ್ತಾರೆ. ಕೆಂಪುಕಣಗಳು 35ರಿಂದ 42 ದಿನ ಬಾಳುತ್ತವೆ. ಡೆಂಗಿ ಜ್ವರದಲ್ಲಿ ಬೇಕಾಗಬಹುದಾದ ಪ್ಲೇಟ್‌ಲೆಟ್ಟುಗಳು ಕೇವಲ 5 ದಿನ. ಇದರಿಂದ ಒಂದು ಪಾಠ ಹೊರಡುತ್ತದೆ. ನಟನ ಹುಟ್ಟುಹಬ್ಬದಂದು ಸಾವಿರ ಜನರು ಒಮ್ಮೆಗೇ ರಕ್ತ ಕೊಟ್ಟು, ಉಳಿದ ದಿನಗಳಲ್ಲಿ ಸುಮ್ಮನಿದ್ದರೆ ಪ್ರಯೋಜನ ಅರ್ಧವೇ. ಒಂದೇ ದಿನ ಸುರಿದು ನಿಂತ ಮಳೆಯಿಂದ ಬೆಳೆ ಬಾರದು, ಹದವರಿತು ಬರಬೇಕು. ಥಲಸ್ಸೀಮಿಯಾ ಎಂಬ ರೋಗವುಳ್ಳ ಮಕ್ಕಳಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ, ಜೀವಮಾನವೆಲ್ಲ ರಕ್ತ ಬೇಕು. ಅವರ ಅಗತ್ಯ ಹುಟ್ಟುಹಬ್ಬವನ್ನು ಕಾಯುವುದಿಲ್ಲ. ವರ್ಷವೆಲ್ಲ ತೆರೆದಿರುವ ರಕ್ತನಿಧಿಯ ಹಿರಿಮೆ ಇರುವುದು ಇಲ್ಲಿಯೇ: ಅದು ಒಂದು ದಿನದ ಉತ್ಸಾಹವನ್ನು ನಿತ್ಯದ ಸೇವೆಯನ್ನಾಗಿ ಮಾರ್ಪಡಿಸುತ್ತದೆ.

ಇಂತಹ ಪ್ರವೃತ್ತಿ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ‘ಹ್ಯಾರಿ ಪಾಟರ್’ ಕಥೆಗಳನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಆ ಕಾದಂಬರಿಗಳನ್ನು ಮೆಚ್ಚಿದ ತರುಣರು 2005ರಲ್ಲಿ ಅಮೆರಿಕದಲ್ಲಿ ಒಂದು ಸಂಘವನ್ನು ಕಟ್ಟಿಕೊಂಡರು. ‘ಕಥೆಯ ನಾಯಕನು ಅನ್ಯಾಯವನ್ನು ಕಂಡು ಸುಮ್ಮನಿರಲಿಲ್ಲ, ಅವನನ್ನು ಮೆಚ್ಚಿದ ನಾವು ಸುಮ್ಮನಿರಬಹುದೆ?’ ಎಂಬುದು ಅವರ ವಿಚಾರಧಾರೆ. 2010ರ ಜನವರಿಯಲ್ಲಿ ಹೈಟಿ ದೇಶ ಭೂಕಂಪದಿಂದ ತತ್ತರಿಸಿದಾಗ, ಅವರು 1,23,000 ಡಾಲರುಗಳಿಗೂ ಹೆಚ್ಚು ಹಣ ಕೂಡಿಸಿ ಐದು ವಿಮಾನಗಳಲ್ಲಿ ಔಷಧಸಾಮಗ್ರಿಯನ್ನು ಕಳುಹಿಸಿದರು. ಲಕ್ಷಗಟ್ಟಲೆ ಪುಸ್ತಕಗಳನ್ನು ಬಡ ಮಕ್ಕಳಿಗೂ ಗ್ರಂಥಾಲಯಗಳಿಗೂ ಹಂಚಿದರು. ಕಲ್ಪನೆಯ ಕಥೆಯೊಂದು ನಿಜವಾದ ಮನುಷ್ಯರ ಗಾಯಕ್ಕೆ ಔಷಧವಾಯಿತು.

ಹೀಗೇಕಾಗುತ್ತದೆ? ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಅನುಕರಣೆ. ಮೆಚ್ಚಿದವರ ನಡೆ, ನುಡಿ, ಕ್ರಾಪುಗಳನ್ನು ಅನುಕರಿಸುವವನು ಅವರ ದಾನವನ್ನೂ ಅನುಕರಿಸಬಲ್ಲನು. ಎರಡನೆಯದು ಅಳುಕಿನ ನಿವಾರಣೆ. ಕಣ್ಣು ಕೊಟ್ಟವನು ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟುವನೆಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಂಟು. ವೈದ್ಯನ ಉಪನ್ಯಾಸದಿಂದ ಹೋಗದ ಆ ಭಯ, ‘ಅಣ್ಣಾವ್ರೇ ಕೊಟ್ಟರಂತೆ’ ಎಂಬ ಒಂದು ಮಾತಿನಿಂದ ಹೋಗುತ್ತದೆ. ಮೂರನೆಯದು ಸಂಘಟನೆ. ಸಹಾಯ ಮಾಡುವ ಮನಸ್ಸು ಹಲವರಿಗೆ ಇದ್ದರೂ ಅವರನ್ನು ಒಂದುಗೂಡಿಸುವುದು ಕಷ್ಟ. ಅಭಿಮಾನಿ ಸಂಘದಲ್ಲಿ ಜನರು ಈಗಾಗಲೇ ಒಂದುಗೂಡಿರುತ್ತಾರೆ. ಪರಸ್ಪರ ಪರಿಚಯವೂ ವಿಶ್ವಾಸವೂ ಇರುತ್ತದೆ. ಅವರಿಗೆ ಒಳ್ಳೆಯ ಕೆಲಸವೊಂದನ್ನು ತೋರಿಸಿಕೊಟ್ಟರೆ ಸಾಕು.

‘ಇದೆಲ್ಲ ನಟನ ಪ್ರಚಾರಕ್ಕಾಗಿ ಮಾಡುವುದಲ್ಲವೆ?’ ಎಂದು ಕೆಲವರು ಕೇಳಬಹುದು. ಪ್ರಚಾರದ ಆಸೆ ಎಲ್ಲಿಯೂ ಇರುವುದಿಲ್ಲವೆನ್ನಲಾಗದು. ಆದರೆ ರಕ್ತದ ಚೀಲದ ಮೇಲೆ ಗುಂಪನ್ನೂ ದಿನಾಂಕವನ್ನೂ ಬರೆದಿರುತ್ತಾರೆಯೇ ಹೊರತು ನಟನ ಹೆಸರನ್ನಲ್ಲ. ಕಾರ್ನಿಯಾ ಪಡೆದವನಿಗೆ ಅದನ್ನು ಕೊಟ್ಟವರಾರೆಂದು ಸಾಮಾನ್ಯವಾಗಿ ತಿಳಿಸುವುದೂ ಇಲ್ಲ. ಒಳ್ಳೆಯ ಹೆಸರೊಂದು ಬಾಗಿಲವರೆಗೆ ಕರೆತಂದರೆ, ಒಳಗೆ ನಡೆಯುವ ದಾನ ಅನಾಮಧೇಯವಾದುದು. ಆದರೆ ನಾವು ಎಚ್ಚರ ತಪ್ಪಬಾರದು. ಹಸಿದ ಮಗುವಿಗೆ ಸಲ್ಲಬೇಕಾದ ಹಾಲನ್ನು ಕಟೌಟಿನ ಮೇಲೆ ಸುರಿಯುವುದು ಅಭಿಮಾನವಲ್ಲ. ಮತ್ತೊಬ್ಬ ನಟನನ್ನು ಹಳಿಯುವುದೂ ಅಭಿಮಾನವಲ್ಲ. ‘ನನ್ನ ಅಭಿಮಾನದಿಂದ ಮೂರನೆಯವನೊಬ್ಬನಿಗೆ ಉಪಕಾರವಾಯಿತೆ?’ ಎಂಬುದೇ ಇದರ ಒರೆಗಲ್ಲು.

ವಿದ್ಯಾರ್ಥಿಗಳಾದ ನೀವು 18 ತುಂಬುವವರೆಗೆ ರಕ್ತ ಕೊಡುವಂತಿಲ್ಲ. ಆದರೂ ಮಾಡಬಹುದಾದ ಕೆಲಸಗಳುಂಟು. ಪ್ರತಿವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನಡೆಯುವ ರಾಷ್ಟ್ರೀಯ ನೇತ್ರದಾನ ಪಕ್ಷದಲ್ಲಿ, ಇಲ್ಲಿ ಓದಿದುದನ್ನು ಮನೆಯ ಹಿರಿಯರಿಗೆ ವಿವರಿಸಿರಿ. ಸಮೀಪದ ನೇತ್ರಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ನಿಮ್ಮ ಮನೆಯವರೆಲ್ಲರ ರಕ್ತದ ಗುಂಪನ್ನು ತಿಳಿದುಕೊಳ್ಳಿರಿ. ಮೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಪಟಾಕಿಗೆಂದು ಕೂಡಿಸುವ ಹಣದಿಂದ ಕೆಳಗಿನ ತರಗತಿಯ ಬಡ ಸಹಪಾಠಿಗೆ ಪುಸ್ತಕ ಕೊಡಿಸಿರಿ. ನಮ್ಮ ಪೂರ್ವಿಕರು ತಮ್ಮವರ ನೆನಪಿಗಾಗಿ ಕೆರೆ ಕಟ್ಟಿಸುತ್ತಿದ್ದರು, ಅರವಟ್ಟಿಗೆ ಇಡಿಸುತ್ತಿದ್ದರು. ಆ ನೀರನ್ನು ಕುಡಿದ ದಾರಿಹೋಕನಿಗೆ ಅದು ಯಾರ ನೆನಪಿನದೆಂದು ತಿಳಿಯದಿದ್ದರೂ ಬಾಯಾರಿಕೆ ನೀಗುತ್ತಿತ್ತು. ಒಂದೇ ಬೆಂಚಿನಲ್ಲಿ ಕುಳಿತ ಕನ್ನಡ ಪಕ್ಷದವರೂ ತೆಲುಗು ಪಕ್ಷದವರೂ ಇನ್ನು ಮುಂದೆ, ‘ಯಾರ ನಟ ಹೆಚ್ಚು?’ ಎಂದು ಕೇಳುವುದಕ್ಕೆ ಬದಲಾಗಿ ‘ಯಾರ ಅಭಿಮಾನದಿಂದ ಹೆಚ್ಚು ಜನರಿಗೆ ಒಳಿತಾಯಿತು?’ ಎಂದು ಸ್ಪರ್ಧಿಸಲಿ. ಆ ಸ್ಪರ್ಧೆಯಲ್ಲಿ ಸೋತವರಿಗೂ ಗೆಲುವೇ ಸರಿ.