ಸಮುದ್ರಗರ್ಭದ ತಂತಿಯೂ ಬೀದರ ಸೀಮೆಯೂ

ಬೀದರ ನಗರಕ್ಕೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ನೆಲೆಸಿರುವ ಈ ನಗರಕ್ಕಾಗಲಿ, ಭಾಲ್ಕಿ ಔರಾದಗಳಿಗಾಗಲಿ ಕಡಲಗಾಳಿಯ ಸೋಂಕೂ ಇಲ್ಲ. ಆದರೂ 2025ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಕೆಂಪು ಸಮುದ್ರದಲ್ಲಿ ಜೆದ್ದಾ ಪಟ್ಟಣದ ಸಮೀಪ ಅಂತರ್ಜಾಲದ ಕೇಬಲ್ಲುಗಳು ತುಂಡಾದುವೆಂಬ ವರ್ತಮಾನವು ಪ್ರಕಟವಾದ ಕೆಲವು ದಿನಗಳಲ್ಲಿಯೇ, ಔರಾದ ತಾಲೂಕಿನ ಒಬ್ಬ ವಿದ್ಯಾರ್ಥಿಯು ಬಾಡಿದ ಮುಖದಿಂದ ನಮ್ಮಲ್ಲಿಗೆ ಬಂದನು. ಪರೀಕ್ಷೆಯ ಅರ್ಜಿಯನ್ನು ಸಲ್ಲಿಸಲು ಅದೇ ಕಡೆಯ ದಿನ. ಅವನ ಊರಿನಲ್ಲಿಯಾದರೋ ಎರಡು ದಿನಗಳಿಂದ ಅಂತರ್ಜಾಲವಿಲ್ಲ. “ಸಮುದ್ರದಾಗ ವಾಯರ್ ಹರದದಂತ್ರಿ ಗುರುಗಳೇ, ನಾವೇನ್ ಮಾಡಬೇಕು?” ಎಂದು ಕೇಳಿದನು. ಬೀದರದ ಒಂದು ಅಂಗಡಿಯಲ್ಲಿ ಅವನ ಅರ್ಜಿಯು ಅರ್ಧ ಗಂಟೆಯಲ್ಲಿ ಸಲ್ಲಿಕೆಯಾಯಿತು.

ಇಲ್ಲಿಯೇ ಒಂದು ಹೇತ್ವಾಭಾಸವು ಬಯಲಾಗುವುದು. ಸಮುದ್ರದ ಕೇಬಲ್ಲು ತುಂಡಾದುದೇ ಕಾರಣವಾಗಿದ್ದ ಪಕ್ಷದಲ್ಲಿ ಬೀದರದಲ್ಲಿಯೂ ಅಂತರ್ಜಾಲವು ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಕಾರಣವಿದ್ದೂ ಕಾರ್ಯವು ಒಂದು ಕಡೆ ಕಾಣದಿರುವಾಗ ಅದನ್ನೇ ಕಾರಣವೆಂದು ಹಿಡಿಯುವುದು ಅನ್ವಯವ್ಯತಿರೇಕಗಳಿಗೆ ವಿರುದ್ಧವಾದುದು. ವಿಚಾರಿಸಲಾಗಿ, ಆ ಊರಿನ ದಾರಿಯಲ್ಲಿ ರಸ್ತೆಯನ್ನು ಅಗೆಯುವಾಗ ನೆಲದೊಳಗಿನ ತಂತಿಯು ಕಡಿದುಹೋಗಿದ್ದಿತೆಂದು ತಿಳಿದುಬಂದಿತು. ಸಾವಿರಾರು ಮೈಲಿಗಳ ಆಚೆಯ ಗಾಯವು ನಮಗೆ ತಟ್ಟದೆ, ಮೊಳದುದ್ದದ ಹಾರೆಯ ಗಾಯವೇಕೆ ತಟ್ಟಿತು? ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ನೋಡುವ. ಅಂತರ್ಜಾಲವು ಆಕಾಶದಿಂದ, ಎಂದರೆ ಉಪಗ್ರಹಗಳಿಂದ ಇಳಿದುಬರುವುದೆಂದು ಅನೇಕರು ಭಾವಿಸಿರುವರು. ಕೈಯಲ್ಲಿರುವ ಫೋನಿಗೆ ತಂತಿಯೇ ಕಾಣದಿರುವುದು ಈ ಭ್ರಾಂತಿಗೆ ಮೂಲ. ಆದರೆ ಫೋನಿನಿಂದ ಹೊರಟ ತರಂಗವು, ನೈಯಾಯಿಕರು ಶಬ್ದದ ವಿಷಯದಲ್ಲಿ ಹೇಳುವ ಕದಂಬಗೋಲಕದಂತೆ ದಶದಿಕ್ಕುಗಳಿಗೂ ಹರಡಿ, ಸಮೀಪದ ಗೋಪುರವನ್ನು ಮುಟ್ಟುವುದಷ್ಟೇ. ಅಲ್ಲಿಂದ ಮುಂದಿನ ಪ್ರಯಾಣವು ಬಹುಮಟ್ಟಿಗೆ ನೆಲದೊಳಗಿನ ತಂತಿಯಲ್ಲಿಯೂ, ಖಂಡಾಂತರಕ್ಕೆ ಹೋಗಬೇಕಾದರೆ ಸಮುದ್ರತಳದ ಕೇಬಲ್ಲಿನಲ್ಲಿಯೂ ನಡೆಯುವುದು. ಖಂಡಖಂಡಗಳ ನಡುವಣ ಅಂತರ್ಜಾಲ ವ್ಯವಹಾರದಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಿನ ಪಾಲು ಸಾಗರಮಾರ್ಗದ್ದೇ. ಇದಕ್ಕೆ ಗಣಿತವೂ ಸಾಕ್ಷಿ. ಭೂಮಿಯೊಡನೆ ಸಮನಾಗಿ ತಿರುಗುವ ಉಪಗ್ರಹವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದು. ಸಂದೇಶವು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ, 8,000 ಕಿಲೋಮೀಟರಿನ ದಾರಿಗೆ ಒಂದು ಸೆಕೆಂಡಿನ ಇಪ್ಪತ್ತೈದರಲ್ಲೊಂದು ಪಾಲು ಸಾಕು. ಈಚೆಗೆ ಭೂಮಿಗೆ ಸಮೀಪವಾಗಿ ಸುತ್ತುವ ಉಪಗ್ರಹಗಳು ಬಂದು ಈ ವಿಳಂಬವನ್ನು ತಗ್ಗಿಸಿರುವುವಾದರೂ, ಹೊರುವ ಭಾರದಲ್ಲಿ ಅವು ಕೇಬಲ್ಲಿಗೆ ಸಾಟಿಯಾಗಿಲ್ಲ.

ಕಡಲಿನೊಡನೆ ಬೀದರದ ಸಂಬಂಧವು ಹೊಸದೇನೂ ಅಲ್ಲ. ಗೀಲಾನ್ ದೇಶದ ಮಹಮೂದ್ ಗಾವಾನನು 15ನೆಯ ಶತಮಾನದ ನಡುವಿನಲ್ಲಿ ದಾಭೋಳ ಬಂದರಿನಲ್ಲಿ ಇಳಿದು ಬೀದರಕ್ಕೆ ಬಂದು, ಬಹಮನೀ ರಾಜ್ಯದ ಮಂತ್ರಿಯಾದನು. ಅವನು ದೂರದೇಶಗಳ ವಿದ್ವಾಂಸರಿಗೂ ಅರಸರಿಗೂ ಬರೆದ ಪತ್ರಗಳು ‘ರಿಯಾಜ್ ಉಲ್ ಇನ್ಶಾ’ ಎಂಬ ಸಂಕಲನದಲ್ಲಿ ಉಳಿದಿರುವುವು. 1472ರಲ್ಲಿ ಅವನು ಕಟ್ಟಿಸಿದ ಮದರಸೆಯು ಇಂದಿಗೂ ನಗರದ ನಡುವೆ ನಿಂತಿರುವುದು. ಅದೇ ಕಾಲದಲ್ಲಿ ರಷ್ಯಾ ದೇಶದ ವರ್ತಕ ಅಫನಾಸಿ ನಿಕಿತಿನನು ಚೌಲ ಬಂದರಿನಲ್ಲಿಳಿದು ಬೀದರವನ್ನು ಕಂಡುಹೋದನು. ಆ ದಿನಗಳಲ್ಲಿ ಒಂದು ಓಲೆ ಹೋಗಿ ಮರುಓಲೆ ಬರುವುದಕ್ಕೆ ಮುಂಗಾರು ಗಾಳಿಯ ಅನುಕೂಲವನ್ನು ಕಾಯಬೇಕಾಗಿದ್ದಿತು.

ಈ ಕಾಲವಿಳಂಬವನ್ನು ಮೊದಲು ಮುರಿದುದು ವಿದ್ಯುತ್ತಂತಿ. 1858ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಹಾಕಿದ ಕೇಬಲ್ಲು ಕೆಲವು ವಾರಗಳಲ್ಲಿಯೇ ಕೆಟ್ಟಿತು. 1866ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆಯು ಆ ಕಾರ್ಯವನ್ನು ಸಾಧಿಸಿತು. ಅದೇ ನೌಕೆಯು 1870ರಲ್ಲಿ ಮುಂಬಯಿಯಿಂದ ಏಡನ್ನಿಗೆ ಕೇಬಲ್ಲನ್ನು ಹಾಸಿತು. ಮಲಯ ದೇಶದ ಗಟಾಪರ್ಚಾ ಎಂಬ ಮರದ ಹಾಲಿನಿಂದ ತಾಮ್ರದ ತಂತಿಗೆ ಹೊದಿಕೆ ಮಾಡಿದ್ದರಿಂದಲೇ ಇದು ಸಾಧ್ಯವಾಯಿತು. 1956ರ ಅಟ್ಲಾಂಟಿಕ್ ಟೆಲಿಫೋನ್ ಕೇಬಲ್ಲು ಏಕಕಾಲದಲ್ಲಿ ಕೇವಲ 36 ಸಂಭಾಷಣೆಗಳನ್ನು ಹೊರುತ್ತಿದ್ದರೆ, 1988ರಲ್ಲಿ ಅದೇ ಸಾಗರದಲ್ಲಿ ಹಾಕಿದ ಗಾಜಿನ ತಂತುವಿನ ಮೊದಲ ಕೇಬಲ್ಲು ಸುಮಾರು 40,000 ಸಂಭಾಷಣೆಗಳನ್ನು ಹೊತ್ತಿತು.

ಈ ಕೇಬಲ್ಲಿನ ರಚನೆಯನ್ನು ತಿಳಿಯಲು ನಮ್ಮ ನೌಬಾದದ ಕರೇಜನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಜನರು ಸುರಂಗಬಾವಿ ಎಂದು ಕರೆಯುವ ಇದು ಬಹಮನೀ ಕಾಲದ ಭೂಗತ ಕಾಲುವೆ. ನೀರು ಹೊರಗೆ ಸೋರದೆ ಕಲ್ಲಿನೊಳಗೇ ಹರಿಯುವುದು. ನಡುನಡುವೆ ಬಾವಿಗಳಂತೆ ನೇರವಾಗಿ ಕೊರೆದ ಕಂಡಿಗಳಿರುವುವು. ಹಾಗೆಯೇ ಕೂದಲಿನಷ್ಟು ಸಣ್ಣದಾದ ಗಾಜಿನ ಎಳೆಯೊಳಗೆ ಹೊಕ್ಕ ಬೆಳಕು ಅಂಚಿನಲ್ಲಿ ಪ್ರತಿಫಲಿಸುತ್ತ, ಹೊರಬೀಳದೆ ಸಾಗುವುದು. ಆದರೂ ದೂರ ಹೋದಂತೆ ಅದು ಕ್ಷೀಣಿಸುವುದರಿಂದ, ಸುಮಾರು 60ರಿಂದ 100 ಕಿಲೋಮೀಟರಿಗೊಂದರಂತೆ ಬೆಳಕನ್ನು ಬಲಪಡಿಸುವ ಯಂತ್ರಗಳನ್ನು ಜೋಡಿಸಿರುವರು. ದೃಷ್ಟಾಂತವು ಇಲ್ಲಿಗೆ ಮುಗಿಯಿತು. ಏಕೆಂದರೆ ಕರೇಜಿನ ಕಂಡಿಗಳು ಅಗೆತಕ್ಕೂ ಗಾಳಿಗೂ ಶುದ್ಧೀಕರಣಕ್ಕೂ ಆದುವು, ನೀರಿಗೆ ಬಲ ಕೊಡುವುದಕ್ಕಲ್ಲ. ಸಮುದ್ರತಳದ ಯಂತ್ರಗಳಿಗಾದರೋ ದಡದಿಂದಲೇ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಅದೇ ಕೇಬಲ್ಲಿನ ತಾಮ್ರದ ಪದರದಲ್ಲಿ ಹರಿಸುವರು. ಆಳಸಮುದ್ರದಲ್ಲಿ ಇಡೀ ಕೇಬಲ್ಲು ಎರಡು ಬೆರಳುಗಳಷ್ಟೂ ದಪ್ಪವಿಲ್ಲ. ದಡದ ಸಮೀಪದಲ್ಲಿ ಮಾತ್ರ ಉಕ್ಕಿನ ತಂತಿಗಳ ಕವಚವನ್ನು ತೊಡಿಸಿ ದಪ್ಪಮಾಡುವರು.

ಕವಚವು ಆಳದಲ್ಲಿ ಬೇಡವಾಗಿ ದಡದಲ್ಲಿ ಬೇಕಾಗಿರುವುದೇಕೆ? ಅಪಾಯವು ಅಲ್ಲಿಯೇ ಇರುವುದರಿಂದ. ಪ್ರಪಂಚದಲ್ಲಿ ವರ್ಷಕ್ಕೆ 150ರಿಂದ 200 ಸಲ ಇಂತಹ ಕೇಬಲ್ಲುಗಳು ಕೆಡುವುವು; ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ತಿಮಿಂಗಿಲವೂ ಅಲ್ಲ, ಬಿರುಗಾಳಿಯೂ ಅಲ್ಲ; ಹಡಗಿನ ಲಂಗರು ಮತ್ತು ಮೀನುಬಲೆ. 2008ರ ಜನವರಿ ಕೊನೆಯಲ್ಲಿ ಅಲೆಗ್ಸಾಂಡ್ರಿಯದ ಸಮೀಪ ಎರಡು ಕೇಬಲ್ಲುಗಳು ಕಡಿದಾಗ ಭಾರತದ ಅಂತರ್ಜಾಲವು ಬಹಳವಾಗಿ ಕುಗ್ಗಿತು. 2024ರಲ್ಲಿ ಕೆಂಪು ಸಮುದ್ರದ ಕೇಬಲ್ಲುಗಳು ತುಂಡಾದಾಗ, ದಾಳಿಗೊಳಗಾಗಿ ತೇಲಿಹೋಗುತ್ತಿದ್ದ ‘ರೂಬಿಮಾರ್’ ಎಂಬ ಹಡಗಿನ ಲಂಗರೇ ಕಾರಣವೆಂದು ತಜ್ಞರು ನಿರ್ಣಯಿಸಿದರು.

ಇಷ್ಟಾದರೂ ದೇಶವು ಸಂಪರ್ಕಹೀನವಾಗಲಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು 1995ನೆಯ ಆಗಸ್ಟ್ 15ರಂದು ದೊರೆಯಿತು. 2023ರ ವೇಳೆಗೆ 17 ಅಂತಾರಾಷ್ಟ್ರೀಯ ಕೇಬಲ್ಲುಗಳು ಮುಂಬಯಿ, ಚೆನ್ನೈ, ಕೊಚ್ಚಿ, ತೂತುಕುಡಿ, ತಿರುವನಂತಪುರಗಳ 14 ಕೇಂದ್ರಗಳಲ್ಲಿ ದಡ ಸೇರುತ್ತಿದ್ದುವು. ಪಶ್ಚಿಮದ ಬಾಗಿಲು ಮುಚ್ಚಿದರೆ ಚೆನ್ನೈಯಿಂದ ಸಿಂಗಾಪುರದ ಕಡೆಗೆ ಪೂರ್ವದ ಬಾಗಿಲು ತೆರೆದಿರುವುದು. ಸಂದೇಶವು ಬಳಸುದಾರಿಯನ್ನು ಹಿಡಿದು, ತಡವಾಗಿಯಾದರೂ ತಲಪುವುದು. ಅಲ್ಲದೆ ನಮ್ಮ ದೇಶದ ಸಂದೇಶಗಳು ವಿದೇಶವನ್ನು ಸುತ್ತಿಬರುವುದನ್ನು ತಪ್ಪಿಸಿ, ಇಲ್ಲಿಯೇ ಕೈಬದಲಾಗುವಂತೆ 2003ರಿಂದ ವಿನಿಮಯ ಕೇಂದ್ರಗಳೂ ಏರ್ಪಟ್ಟಿರುವುವು. 2025ರಲ್ಲಿ ಬೀದರವು ನಿಧಾನವಾದರೂ ನಿಲ್ಲದಿದ್ದುದಕ್ಕೆ ಇದೇ ಕಾರಣ.

ಬಂದರಿನಿಂದ ಒಳನಾಡಿಗೆ ಈ ಜಾಲವು ಹೆದ್ದಾರಿಗಳ ಮತ್ತು ರೈಲುಹಾದಿಗಳ ಮಗ್ಗುಲಲ್ಲಿ ಹಾಸಿದ ತಂತಿಗಳಲ್ಲಿ ಬರುವುದು. ಬೀದರವೂ ಭಾಲ್ಕಿಯೂ ವಿಕಾರಾಬಾದ–ಪರಳಿ ರೈಲುಮಾರ್ಗದ ಮೇಲಿರುವುವು. 2017ರಲ್ಲಿ ಕಲಬುರಗಿಯ ಮಾರ್ಗವೂ ಬೀದರಕ್ಕೆ ಕೂಡಿತು. ಔರಾದ ಪಟ್ಟಣಕ್ಕೆ ರೈಲಿಲ್ಲ. ಅಲ್ಲಿಂದ ಮುಂದೆ ಗ್ರಾಮಪಂಚಾಯಿತಿಗಳಿಗೆ ತಂತಿಯನ್ನೊಯ್ಯುವುದು 2011ರಲ್ಲಿ ಮಂಜೂರಾಗಿ ಮುಂದೆ ‘ಭಾರತ್ ನೆಟ್’ ಎಂದು ಹೆಸರಾದ ಯೋಜನೆಯ ಕೆಲಸ.

ಈಗ ಸಿದ್ಧಾಂತವನ್ನು ಹೇಳಬಹುದು. ಜಾಲದ ರಚನೆಯು ಎರಡು ವಿಧ: ಮಾಲಾಕ್ರಮ ಮತ್ತು ಶಾಖಾಕ್ರಮ. ಮಾಲೆಯು ಒಂದು ಕಡೆ ತುಂಡಾದರೂ ಇನ್ನೊಂದು ಮಗ್ಗುಲಿನಿಂದ ಪ್ರತಿಯೊಂದು ಹೂವಿಗೂ ಸಂಬಂಧವಿರುವುದು. ಕೊಂಬೆಯು ಮುರಿದರೆ ತುದಿಯ ಎಲೆಗಳೆಲ್ಲವೂ ಒಣಗುವುವು. ಸಾಗರದ ಕೇಬಲ್ಲುಗಳು ಕಾಲಕ್ರಮದಲ್ಲಿ ಮಾಲೆಯಂತಾದುವು. ಹಳ್ಳಿಗಳ ತಂತಿಗಳು ಬಹುಮಟ್ಟಿಗೆ ಕೊಂಬೆಗಳಾಗಿಯೇ ಉಳಿದುವು. ಆದುದರಿಂದಲೇ ದೂರದ ದೊಡ್ಡ ಗಾಯವು ನಮ್ಮನ್ನು ಕುಂಟಿಸಿತು, ಹತ್ತಿರದ ಸಣ್ಣ ಗಾಯವು ಕೆಡವಿತು. 2023ರಲ್ಲಿ ಕೇಂದ್ರ ಸರ್ಕಾರವು ಒಪ್ಪಿದ ಭಾರತ್ ನೆಟ್ ತಿದ್ದುಪಡಿಯು ಗ್ರಾಮಪಂಚಾಯಿತಿಗಳನ್ನೂ ಮಾಲಾಕ್ರಮದಲ್ಲಿ ಜೋಡಿಸಬೇಕೆಂದು ವಿಧಿಸಿರುವುದು ಈ ದೋಷವನ್ನು ಅರಿತೇ ಆಗಿದೆ. ಅಗೆಯುವವನು ಮುಂಚಿತವಾಗಿ ತಿಳಿಸಿ, ನೆಲದಲ್ಲೇನಿದೆಯೆಂದು ವಿಚಾರಿಸಿಕೊಳ್ಳುವ ‘ಕಾಲ್ ಬಿಫೋರ್ ಯೂ ಡಿಗ್’ ಎಂಬ ಏರ್ಪಾಡೂ ಅದೇ ವರ್ಷದ ಮಾರ್ಚಿಯಲ್ಲಿ ಬಂದಿರುವುದು.

ಪಡಿತರ, ಪಿಂಚಣಿ, ಪಹಣಿ, ಪರೀಕ್ಷೆ ಎಲ್ಲವೂ ಈ ತಂತುವನ್ನೇ ಅವಲಂಬಿಸಿರುವಾಗ, ಎರಡನೆಯ ದಾರಿಯಿಲ್ಲದ ಊರು ದಡದಲ್ಲಿದ್ದರೂ ದ್ವೀಪವೇ. ನಿಜವಾದ ದ್ವೀಪಗಳಾದ ಅಂದಮಾನಿಗೆ 2020ರಲ್ಲಿ ಚೆನ್ನೈಯಿಂದ ಸುಮಾರು 2,300 ಕಿಲೋಮೀಟರಿನ ಕೇಬಲ್ಲು ತಲಪಿತು. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ 2024ರಲ್ಲಿ ಬಂದಿತು. ಹಾಗಿರುವಲ್ಲಿ ಮಾಂಜ್ರಾ ನದಿಯಾಚೆಯ ಹಳ್ಳಿಗಳಿಗೆ ಎರಡನೆಯ ತಂತುವೊಂದನ್ನು ಒಯ್ಯುವುದು ದುಸ್ಸಾಧ್ಯವಾದ ಕಾರ್ಯವಲ್ಲ. ಆ ವಿದ್ಯಾರ್ಥಿಗೆ ಅಂದು ಬೀದರದ ಬಸ್ಸು ಸಿಕ್ಕಿತು. ಬಸ್ಸು ತಪ್ಪಿದವನು ಯಾವ ಸಮುದ್ರವನ್ನು ದೂರಬೇಕು? ಕಾರಣವು ಕಾಲಬುಡದಲ್ಲಿರುವಾಗ ಅದನ್ನು ಕಡಲಿನಲ್ಲಿ ಹುಡುಕುವುದರಿಂದ ಪರಿಹಾರವೂ ಕಡಲಿನಷ್ಟೇ ದೂರವಾಗುವುದು. ಈ ಒಂದು ವಿವೇಕವು ನಮ್ಮ ಸೀಮೆಯ ಜನರಲ್ಲಿಯೂ ಅಧಿಕಾರಿಗಳಲ್ಲಿಯೂ ಮೂಡಿದರೆ ಈ ಬರಹವು ಸಾರ್ಥಕವಾದಂತಾಯಿತು.