ಶಾಮಿಯಾನದ ಬಾಡಿಗೆ ಕಳೆದು ಉಳಿದದ್ದೆಷ್ಟು?

ನೂರು ವರ್ಷ ತುಂಬಿದ ಸರ್ಕಾರಿ ಶಾಲೆಯೊಂದರ ಶತಮಾನೋತ್ಸವ ಸಮಿತಿಯ ಸಭೆಯಲ್ಲಿ ನಾನೂ ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ, ಮಳೆ ಬಂದರೆ ನಾಲ್ಕನೇ ತರಗತಿ ಸೋರುತ್ತದೆ ಎಂದು ಹೆಡ್‌ಮೇಷ್ಟ್ರು ಎರಡು ಸಲ ಹೇಳಿದರು. ಮುಖ್ಯ ಅತಿಥಿ ಯಾರು, ತೊಡಿಸುವ ಪೇಟ ಎಂಥದ್ದು ಎಂಬ ಚರ್ಚೆಯಲ್ಲೇ ಒಂದೂವರೆ ಗಂಟೆ ಕಳೆಯಿತು. ಉತ್ಸವ ಚೆನ್ನಾಗಿಯೇ ನಡೆಯಿತು. ಬಾಗಿಲು ಬಂದದ್ದು ಮರುವರ್ಷ, ಹಳೆ ವಿದ್ಯಾರ್ಥಿಯೊಬ್ಬ ಸದ್ದಿಲ್ಲದೆ ಬಡಗಿಯನ್ನು ಕರೆತಂದಾಗ. ಸಮಿತಿಗೇ ಯಾಕೆ ಕೊಡಲಿಲ್ಲ ಎಂದು ಕೇಳಿದೆ. “ಎಷ್ಟು ಕೊಡ್ತೀರಿ ಅಂತ ಕೇಳಿದ್ರು ಸಾರ್, ಯಾತಕ್ಕೆ ಅಂತ ಯಾರೂ ಹೇಳ್ಲಿಲ್ಲ” ಎಂದ.

ಶಾಲೆಗೆ ಹಣ ಕೂಡಿಸಲು ಹೊರಟವರು ಎಡವುವುದು ಹೆಚ್ಚಾಗಿ ಇಲ್ಲೇ. ಹಣ ಕೂಡಿಸುವುದರ ಸುತ್ತ ಬೆಳೆದ ತಪ್ಪು ಕಲ್ಪನೆಗಳು ಬೇಕಾದಷ್ಟಿವೆ.

“ದೊಡ್ಡ ಕಾರ್ಯಕ್ರಮ ಮಾಡಿದರೆ ದೊಡ್ಡ ಮೊತ್ತ ಬರುತ್ತದೆ”

ಶಾಲೆಯ ಸಹಾಯಾರ್ಥ ನಾಟಕ, ಯಕ್ಷಗಾನ, ರಸಮಂಜರಿ ನಮಗೆ ಹೊಸದಲ್ಲ. ಆದರೆ ಬಂದದ್ದೆಲ್ಲ ಉಳಿಯುವುದಿಲ್ಲ. ಬರೀ ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 200 ರೂಪಾಯಿಯ 600 ಟಿಕೆಟ್ ಮಾರಾಟವಾಯಿತು, ಬಂದದ್ದು 1,20,000. ತಂಡದ ಸಂಭಾವನೆ 60,000, ಶಾಮಿಯಾನ ಮತ್ತು ಕುರ್ಚಿ 20,000, ಮೈಕು, ಲೈಟು, ಜನರೇಟರ್‌ಗೆ 15,000, ಊಟಕ್ಕೆ 10,000, ಕರಪತ್ರ, ಬ್ಯಾನರ್‌ಗೆ 5,000. ಉಳಿದದ್ದು ಹತ್ತು ಸಾವಿರ. ಮಾರನೆಯ ದಿನ ಊರಲ್ಲಿ ಹಬ್ಬುವ ಸುದ್ದಿ ಮಾತ್ರ “ಶಾಲೆಗೆ ಲಕ್ಷದ ಮೇಲೆ ಬಂತಂತೆ” ಎಂದು. ಮುಂದಿನ ಸಲ ಕೈಚಾಚಿದಾಗ ಆ ಸುದ್ದಿಯೇ ಅಡ್ಡ ಬರುತ್ತದೆ.

ರಾತ್ರಿಯಿಡೀ ಯಕ್ಷಗಾನದ ಆಟ ಆಡಿಸುವವರು ಇನ್ನೊಂದನ್ನೂ ನೆನಪಿಡಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ.

ಹಾಗಂತ ಆಟವೇ ಬೇಡ ಎನ್ನುತ್ತಿಲ್ಲ. ಶಾಮಿಯಾನ ಒಬ್ಬರು, ಊಟ ಇನ್ನೊಬ್ಬರು, ಮೈಕು ಮತ್ತೊಬ್ಬರು ಎಂದು ಖರ್ಚನ್ನೆಲ್ಲ ಮೊದಲೇ ಯಾರಾದರೂ ವಹಿಸಿಕೊಂಡಿದ್ದರೆ ಟಿಕೆಟಿನ ದುಡ್ಡು ಪೂರ್ತಿ ಶಾಲೆಗೇ ದಕ್ಕುತ್ತದೆ. ಆಟಕ್ಕೆ ಸೇರಿದ ಜನರ ಮುಂದೆ ಶಾಲೆಗೆ ಬೇಕಾದ್ದರ ಪಟ್ಟಿ ಓದಿದರೆ ಟಿಕೆಟ್ ಮಾರಿದ್ದಕ್ಕಿಂತ ಹೆಚ್ಚೇ ಸಿಕ್ಕೀತು.

“ಲಕ್ಕಿ ಡಿಪ್ ಕೂಪನ್ ಅಷ್ಟೇ ತಾನೇ, ಶಾಲೆಗಾಗಿ ಮಾಡಿದರೆ ತಪ್ಪೇನು?”

ಉದ್ದೇಶ ಒಳ್ಳೆಯದಾದರೆ ಕಾನೂನು ಕಣ್ಣು ಮುಚ್ಚುತ್ತದೆ ಎಂಬ ನಂಬಿಕೆ ಇದು. ಹಣ ಪಡೆದು ಕೂಪನ್ ಕೊಟ್ಟು, ಅದೃಷ್ಟದ ಮೇಲೆ ಬಹುಮಾನ ಹಂಚಿದರೆ ಅದು ಲಾಟರಿಯೇ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿದೆ. ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂನಲ್ಲಿ ಶಿಕ್ಷೆ ಇದೆ. ಮಕ್ಕಳ ಕೈಗೆ ಕೂಪನ್ ಪುಸ್ತಕ ಕೊಟ್ಟು ಮನೆಮನೆಗೆ ಅಟ್ಟುವುದಂತೂ ನನ್ನ ಮಟ್ಟಿಗೆ ಕಾನೂನಿಗಿಂತ ಮೊದಲು ನಾಚಿಕೆಯ ವಿಷಯ.

“ಒಬ್ಬ ಕೊಡುಗೈ ದಾನಿ ಸಿಕ್ಕರೆ ಸಾಕು”

ದಕ್ಷಿಣ ಕನ್ನಡದ ಹರೇಕಳ ಹಾಜಬ್ಬನವರದು ಎಲ್ಲರೂ ಕೇಳಿದ ಕತೆ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರಿಗೆ, ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಅರ್ಥವಾಗಲಿಲ್ಲ. ಆ ಸಂಕಟವೇ 2000ದಲ್ಲಿ ನ್ಯೂಪಡ್ಪುವಿನ ಶಾಲೆಯಾಯಿತು, 2020ರಲ್ಲಿ ಪದ್ಮಶ್ರೀಯೂ ಬಂತು. ಇದನ್ನು ನಾವು ತ್ಯಾಗದ ಕತೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಹಣ ಕೂಡಿಸುವ ಪಾಠವಾಗಿ ಓದಿದವರು ಕಡಿಮೆ. ಹಾಜಬ್ಬ ತಮ್ಮ ಸಣ್ಣ ಉಳಿತಾಯವನ್ನು ಮೊದಲು ಹಾಕಿದರು, ಆಮೇಲೆ ಕಚೇರಿಗಳಿಗೆ, ದಾನಿಗಳ ಮನೆಗಳಿಗೆ ಅಲೆದರು. ಕೇಳಿದ್ದು ಒಂದೇ, ನಮ್ಮೂರಿಗೊಂದು ಶಾಲೆ.

‘ಶಾಲೆಯ ಅಭಿವೃದ್ಧಿಗೆ’ ಎಂದರೆ ಕೊಡುವವನ ಕಣ್ಣಿಗೆ ಏನೂ ಕಾಣುವುದಿಲ್ಲ. ‘ನಾಲ್ಕನೇ ತರಗತಿಯ ಚಾವಣಿಗೆ ಇಷ್ಟು ಶೀಟು, ಒಂದು ಶೀಟಿಗೆ ಇಷ್ಟು’ ಎಂದರೆ ಟೀ ಅಂಗಡಿಯವನೂ ಒಂದು ಶೀಟು ನನ್ನದು ಎನ್ನುತ್ತಾನೆ. ದೊಡ್ಡ ದಾನಿಯೊಬ್ಬನನ್ನೇ ನೆಚ್ಚಿದರೆ ಅವನ ಹೆಸರಿನ ಕಲ್ಲು ಗೋಡೆಗೆ ಬರುತ್ತದೆ, ಉಳಿದವರಿಗೆ ‘ಅವರು ನೋಡಿಕೊಳ್ಳುತ್ತಾರೆ ಬಿಡು’ ಎಂಬ ನೆಮ್ಮದಿ ಬರುತ್ತದೆ.

“ದುಡ್ಡು ಕೊಟ್ಟರೆ ತಿನ್ನುತ್ತಾರೆ, ವಸ್ತು ಕೊಡೋಣ”

ಈ ಅನುಮಾನಕ್ಕೆ ಕಾರಣವಿಲ್ಲ ಎನ್ನಲಾರೆ. ಆದರೆ ವಸ್ತುವೂ ದುಡ್ಡು ತಿನ್ನುತ್ತದೆ. ಕಂಪ್ಯೂಟರಿಗೆ ಕರೆಂಟ್ ಬಿಲ್, ನೀರು ಶುದ್ಧೀಕರಣ ಯಂತ್ರಕ್ಕೆ ಫಿಲ್ಟರ್, ಸ್ಮಾರ್ಟ್ ಬೋರ್ಡಿಗೆ ರಿಪೇರಿಯವನು ಬೇಕು. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 30ರೊಳಗೆ ಮಕ್ಕಳಿರುವ ಶಾಲೆಯ ವಾರ್ಷಿಕ ಅನುದಾನ 10,000 ರೂಪಾಯಿ, ನೂರರವರೆಗೆ ಇದ್ದರೆ 25,000. ಇಷ್ಟರಲ್ಲಿ ಸುಣ್ಣಬಣ್ಣ, ಚಾಕ್‌ಪೀಸು, ಸಣ್ಣಪುಟ್ಟ ರಿಪೇರಿ ಎಲ್ಲ ಆಗಬೇಕು. ದಾನವಾಗಿ ಬಂದ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟರೆ ಮೇಷ್ಟ್ರನ್ನು ಬಯ್ದು ಫಲವಿಲ್ಲ. ಯಂತ್ರ ಕೊಡುವವರು ಮೂರು ವರ್ಷದ ನಿರ್ವಹಣೆಯನ್ನೂ ಸೇರಿಸಿ ಕೊಡಲಿ. ‘ಸರ್ಕಾರ ಕೊಡುತ್ತದಲ್ಲ, ನಾವೇಕೆ’ ಎನ್ನುವವರೂ ಅನುದಾನದ ಈ ಅಂಕಿಗಳನ್ನು ಒಮ್ಮೆ ನೋಡಬಹುದು.

“ಪ್ರತಿ ಪೋಷಕರಿಂದ ಇಷ್ಟು ಎಂದು ನಿಗದಿ ಮಾಡಿದರೆ ಸುಲಭ”

2022ರ ಅಕ್ಟೋಬರಿನಲ್ಲಿ, ಸರ್ಕಾರಿ ಶಾಲೆಗಳಿಗೆ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ರಾಜ್ಯದಲ್ಲಿ ಹೊರಟಿತ್ತು. ದೇಣಿಗೆ ಸ್ವಇಚ್ಛೆಯದು ಎಂದರೂ ವಿರೋಧ ಎದ್ದು ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ಪಡೆಯಬೇಕಾಯಿತು. ಮಗು ಆ ಶಾಲೆಯಲ್ಲೇ ಕೂತಿರುವಾಗ ತಾಯಿಯ ‘ಇಚ್ಛೆ’ಗೆ ಎಷ್ಟು ಬೆಲೆ? ದಾಖಲಾತಿಯ ಹೊತ್ತಿಗೆ ವಸೂಲಿ ಮಾಡಿದರಂತೂ ಕಾನೂನೇ ಅಡ್ಡ ಬರುತ್ತದೆ, ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಖಾಸಗಿ ಶಾಲೆಗೂ ಅನ್ವಯಿಸುತ್ತದೆ. ದಾಖಲಾತಿಗೆ ಕ್ಯಾಪಿಟೇಷನ್ ಶುಲ್ಕ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ.

“ರಸೀದಿ ಇದ್ದರೆ ತೆರಿಗೆ ವಿನಾಯಿತಿ ಸಿಗುತ್ತದೆ”

ಸಿಗುವುದಿಲ್ಲ. ಹಣ ಪಡೆಯುವ ಟ್ರಸ್ಟಿಗೋ ಸಂಘಕ್ಕೋ, ಎಲ್ಲರೂ 80ಜಿ ಎಂದು ಕರೆಯುವ ಮಾನ್ಯತೆ ಇರಬೇಕು. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ, ಬೆಂಚು ಕಪಾಟು ಕೊಟ್ಟರೂ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಹಳೆ ವಿದ್ಯಾರ್ಥಿಗಳ ವಿಚಾರದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಕೆಲವರು ಕಾನೂನಿಗೆ ಹೆದರಿ ಅವರನ್ನು ಕೇಳುವುದೇ ಇಲ್ಲ. ಇನ್ನು ಕೆಲವರು ಎಲ್ಲರಿಂದಲೂ ಸಲೀಸಾಗಿ ಹಣ ತರಿಸಿಕೊಳ್ಳುತ್ತಾರೆ. ಇಲ್ಲಿ ನೋಡಬೇಕಾದ್ದು ಪಾಸ್‌ಪೋರ್ಟ್. ಭಾರತದ ಪೌರರಾಗಿಯೇ ಉಳಿದವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ವಿದೇಶಿ ಮೂಲವೇ. ಅವರಿಂದ ಪಡೆಯಲು 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು.

“ಕಂಪನಿಗಳು ಸಿಎಸ್‌ಆರ್ ಹಣ ಕೊಡಲೇಬೇಕಲ್ಲ”

ಸಾಮಾಜಿಕ ಹೊಣೆಗಾರಿಕೆಯ ಈ ಹಣ ಎಲ್ಲ ಕಂಪನಿಗಳೂ ಕೊಡಬೇಕಾದ್ದಲ್ಲ. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದವುಗಳಿಗೆ ಮಾತ್ರ ಆ ನಿಯಮ. ಅವಕ್ಕೂ ನಿಮ್ಮ ಶಾಲೆಗೇ ಕೊಡಬೇಕೆಂಬ ಕಟ್ಟಳೆಯೇನಿಲ್ಲ. ಊರಿನ ಅಕ್ಕಿ ಗಿರಣಿಯ ಮಾಲೀಕರ ಮುಂದೆ ಈ ಮಾತು ಆಡಿ ನಗೆಪಾಟಲಾಗುವುದಕ್ಕಿಂತ, ಅಂದಾಜು ಪಟ್ಟಿ ಹಿಡಿದು ಹೋಗುವುದು ಲೇಸು.

“ಲೆಕ್ಕ ಕೇಳಿದರೆ ಅನುಮಾನಪಟ್ಟಂತೆ”

ಸರ್ಕಾರಿ ಶಾಲೆಯ ಹಣ ಹೆಡ್‌ಮೇಷ್ಟ್ರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಜಂಟಿ ಖಾತೆಯಲ್ಲಿ ಇರುತ್ತದೆ. ಅದಕ್ಕೆ ಹೋಗದೆ ಯಾರದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡಿಸಿಕೊಂಡರೆ ಅಲ್ಲಿಗೆ ಕತೆ ಕೆಟ್ಟಿತು. ಬಂದದ್ದು, ಹೋದದ್ದು, ಉಳಿದದ್ದು ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಲು ಹೆಚ್ಚೆಂದರೆ ಅರ್ಧ ದಿನ ಸಾಕು. ರಸೀದಿ ಪುಸ್ತಕಗಳನ್ನು ನಂಬರು ಬರೆದುಕೊಂಡು ಹಂಚಬೇಕು, ಬಳಸದವನ್ನೂ ವಾಪಸ್ ಪಡೆದು ಎಣಿಸಬೇಕು. ನಾನು ಹೇಳಿದ ಆ ಶತಮಾನೋತ್ಸವದಲ್ಲಿ ಹಂಚಿದ್ದು ಇಪ್ಪತ್ತು ಪುಸ್ತಕ, ಮರಳಿ ಬಂದದ್ದು ಹತ್ತೊಂಬತ್ತು. ಆ ಇಪ್ಪತ್ತನೆಯದು ಯಾರ ಮನೆಯ ಅಟ್ಟದ ಮೇಲಿದೆಯೋ, ಇವತ್ತಿಗೂ ಅದರ ಮಾತು ಬಂದರೆ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.